ಹಾಯಿ: ಚಾಪೆಯ ಮನೆಯಿಂದ ದಾಟುವವರ ಮನೆಗೆ

ಬೆಂಗಳೂರಿನ ಬ್ಯಾಡರಹಳ್ಳಿಯಿಂದ ಮಂಗಳೂರಿನ ಕಡೆ ಹೊರಟರೂ ಚೆನ್ನೈ ಕಡೆ ಹೊರಟರೂ ಸಮುದ್ರ ಹೆಚ್ಚುಕಮ್ಮಿ 350 ಕಿಲೋಮೀಟರು. ಇಂಥ ಊರಿನಲ್ಲಿ ಹಾಯಿದೋಣಿಯ ಮಾತು ಯಾರಿಗೆ ಬೇಕು ಎನ್ನಬಹುದು. ಆದರೆ ಆ ಪದದ ಮೊದಲರ್ಧ ಈ ಸೀಮೆಯವರ ಬಾಯಲ್ಲಿ ದಿನವೂ ಓಡಾಡುತ್ತದೆ. ಊರಹಬ್ಬದಲ್ಲಿ ಕೊಂಡ ಹಾಯುತ್ತಾರೆ. ಕೊಬ್ಬಿದ ಹೋರಿ ಹಾಯುತ್ತದೆ, ಅಂದರೆ ಕೊಂಬಿನಿಂದ ತಿವಿಯುತ್ತದೆ. ಮಾಗಡಿ ರಸ್ತೆಯ ಆಚೀಚೆ ಬಡಾವಣೆಗಳಾಗದೆ ಉಳಿದ ತೋಟಗಳಿಗೆ ನೀರು ಹಾಯಿಸುತ್ತಾರೆ. ಪತ್ರಿಕೆಯ ಮೇಲೆ ಕಣ್ಣು ಹಾಯಿಸುತ್ತಾರೆ. ಕೆಂಡ, ಕೊಂಬು, ನೀರು, ಕಣ್ಣು ನಾಲ್ಕಕ್ಕೂ ಒಂದೇ ಕ್ರಿಯಾಪದ. ಒಂದು ಕಡೆಯಿಂದ ಇನ್ನೊಂದು ಕಡೆಗೆ ರಭಸದಿಂದ ನುಗ್ಗುವುದು, ದಾಟುವುದು ಅದರ ತಿರುಳು.

ಹಾಗಾದರೆ ದೋಣಿಗೆ ಕಟ್ಟಿದ ಹಾಯಿಯೂ ಇದೇ 'ಹಾಯು'ವಿನ ಕೂಸೇ? ಗಾಳಿ ಹಾಯುವುದರಿಂದ ಹಾಯಿ, ಹೊಳೆ ಹಾಯಿಸುವುದರಿಂದ ಹಾಯಿ ಎಂದರೆ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಪದಗಳ ವಿಷಯದಲ್ಲಿ ಕಿವಿಗೆ ಸರಿಯೆನಿಸಿದ್ದನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಕನ್ನಡದ 'ಹ'ಕಾರದ ಹಿಂದೆ ಎಷ್ಟೋ ಸಲ 'ಪ'ಕಾರ ಅಡಗಿರುತ್ತದೆ. 941ರ ಪಂಪನ ಕಾಲಕ್ಕೆ ಪಾಲ್, ಪೂ, ಪುಲಿ ಎಂದಿದ್ದವು ಬಸವಣ್ಣನವರ ಕಾಲ ಕಳೆಯುವ ಹೊತ್ತಿಗೆ ಹಾಲು, ಹೂ, ಹುಲಿಗಳಾಗಿ ಬಾಯಿಗೆ ಹತ್ತಿದ್ದವು. ತಮಿಳಿನಲ್ಲಿ ದೋಣಿಗೆ ಇಂದಿಗೂ ಪಡಗು ಎನ್ನುತ್ತಾರೆ. ನಮ್ಮ ಹಡಗು ಅದರ ಒಡಹುಟ್ಟು. ಇದೇ ದಾರಿಯಲ್ಲಿ ಹಿಂದಕ್ಕೆ ನಡೆದರೆ ಹಾಯಿ 'ಪಾಯಿ'ಯಾಗುತ್ತದೆ. ತಮಿಳಿನಲ್ಲಿ 'ಪಾಯ್' ಎಂದರೆ ಹಾಯಿ ಮಾತ್ರವಲ್ಲ, ಚಾಪೆಯೂ ಹೌದು. ಪಾಯ್ ಹಾಸಿ ಮಲಗುತ್ತಾರೆ, ಪಾಯ್ ಕಟ್ಟಿ ಕಡಲಿಗಿಳಿಯುತ್ತಾರೆ. ಮಲೆಯಾಳದ 'ಪಾಯ'ಕ್ಕೂ ಈ ಎರಡೂ ಅರ್ಥಗಳಿವೆ.

ಇಲ್ಲಿ ಎರಡು ಬೇರುಗಳು ಎದುರಾಗುತ್ತವೆ. ನುಗ್ಗು, ಹಾರು ಎನ್ನುವ ಪಾಯ್ ಒಂದು, ಹರಡು ಎನ್ನುವ ಪಾಯ್ ಇನ್ನೊಂದು. ಎರಡನೆಯದರ ಬಳಗ ನಮ್ಮಲ್ಲಿ ಪಾಸು, ಹಾಸು, ಹಾಸಿಗೆ, ಹಾಸುಗಲ್ಲು ಎಂದು ಬೆಳೆದಿದೆ. ನನ್ನ ತೀರ್ಪು ಈ ಎರಡನೆಯದರ ಪರ. ಹಾಯಿ ಹುಟ್ಟಿದ್ದು ಹರಡುವ ಮನೆಯಲ್ಲಿ, ಚಾಪೆಯ ತಂಗಿಯಾಗಿ. ಬಟ್ಟೆಯ ಹಾಯಿ ಬರುವ ಮೊದಲು ಮನುಷ್ಯ ಗಾಳಿಗೆ ಒಡ್ಡಿದ್ದು ಹೆಣೆದ ಚಾಪೆಯನ್ನೇ ಎನ್ನುವುದಕ್ಕೆ ಶಾಂತಸಾಗರದ ದ್ವೀಪಗಳು ಸಾಕ್ಷಿ. ಅಲ್ಲಿಯವರು ಕೇದಗೆ ಜಾತಿಯ ಗಿಡದ ಎಲೆ ಹೆಣೆದು ಮಾಡಿದ ಹಾಯಿಗಳಲ್ಲಿ ಸಾವಿರಾರು ಮೈಲಿ ಹೋಗಿದ್ದಾರೆ. ತಮಿಳು, ಮಲೆಯಾಳ ಎರಡೂ ಭಾಷೆಗಳಲ್ಲಿ ಚಾಪೆಗೂ ಹಾಯಿಗೂ ಒಂದೇ ಹೆಸರು ಉಳಿದಿರುವುದು ಬರಿಯ ಕಾಕತಾಳೀಯವಾಗಲಾರದು.

ಕನ್ನಡದಲ್ಲಿ ಮಾತ್ರ ಒಂದು ತಿರುವಾಯಿತು. ಇಲ್ಲಿ ಹಾಯಿ ತನ್ನ ಚಾಪೆಯ ಅರ್ಥವನ್ನು ಬಿಟ್ಟುಕೊಟ್ಟಿತು, ಆ ಜಾಗಕ್ಕೆ ಚಾಪೆಯೆಂಬ ಪದ ಬಂದು ಕೂತಿತು. ನಂಟರಿಲ್ಲದ ಹಾಯಿಯನ್ನು ಪಕ್ಕದ ಮನೆಯ 'ಹಾಯು' ದತ್ತು ತೆಗೆದುಕೊಂಡಿತು. ಇಂದು ಹಾಯಿದೋಣಿ ಎಂದರೆ ನಮ್ಮ ಕಿವಿಗೆ ಹಾಸುವ ದೋಣಿಯಲ್ಲ, ಹಾಯುವ ದೋಣಿ. ('ಹಾಯಾಗಿ' ಮಲಗುವವರ ಹಾಯಿಗೂ ಇದಕ್ಕೂ ಸಂಬಂಧವಿಲ್ಲ.)

ಈ ದತ್ತು ಎಷ್ಟು ಒಪ್ಪುತ್ತದೆ ಎಂದು ತಿಳಿಯಲು ಹಾಯಿಪಂದ್ಯವೊಂದನ್ನು ದಡದಲ್ಲಿ ನಿಂತು ನೋಡಬೇಕು. ಅದಕ್ಕೆ ಕಡಲಿಗೇ ಹೋಗಬೇಕಾಗಿಲ್ಲ. ಬ್ಯಾಡರಹಳ್ಳಿಯಿಂದ ನಗರದ ಇನ್ನೊಂದು ಮಗ್ಗುಲಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಮೈಸೂರಿನ ಕಡೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲೂ ಹಾಯಿಪಂದ್ಯಗಳು ನಡೆದಿವೆ. ತೃಷ್ಣಾ ಎಂಬುದು ಸೇನೆಯ ಎಂಜಿನಿಯರುಗಳ ಹಾಯಿದೋಣಿಯ ಹೆಸರೂ ಹೌದು. 1985ರಲ್ಲಿ ಹೊರಟು 1987ರಲ್ಲಿ ಮರಳಿದ ಆ ದೋಣಿಯದು ಭಾರತೀಯರು ಹಾಯಿಯಲ್ಲಿ ಮಾಡಿದ ಮೊದಲ ಭೂಪ್ರದಕ್ಷಿಣೆ. ಸುತ್ತ ಉಪ್ಪುನೀರು, ದೋಣಿಯ ಹೆಸರು ಬಾಯಾರಿಕೆ. ಹೆಸರಿಟ್ಟವರ ಹಾಸ್ಯಪ್ರಜ್ಞೆ ದೊಡ್ಡದು.

ಪಂದ್ಯ ಶುರುವಾಗುವುದು ಐದು ನಿಮಿಷದ ಬಾವುಟಗಳಾಟದಿಂದ. ಐದು ನಿಮಿಷವಿದ್ದಾಗ ಒಂದು ಬಾವುಟ ಏರುತ್ತದೆ, ನಾಲ್ಕು ನಿಮಿಷವಿದ್ದಾಗ ಇನ್ನೊಂದು. ಒಂದು ನಿಮಿಷಕ್ಕೆ ಎರಡನೆಯದು ಇಳಿದು, ಸೊನ್ನೆಗೆ ಮೊದಲನೆಯದೂ ಇಳಿದರೆ ಹೊರಡು ಎಂದರ್ಥ. ಅಷ್ಟೂ ಹೊತ್ತು ದೋಣಿಗಳು ಗೆರೆಯ ಹಿಂದೆ ಸುಮ್ಮನೆ ನಿಲ್ಲುವುದಿಲ್ಲ, ನಿಲ್ಲುವುದು ಅವಕ್ಕೆ ಗೊತ್ತೂ ಇಲ್ಲ. ಮೊದಲ ಗುರುತು ಸಾಮಾನ್ಯವಾಗಿ ಗಾಳಿ ಬೀಸಿ ಬರುವ ದಿಕ್ಕಿಗೇ ಇರುತ್ತದೆ. ಎದುರುಗಾಳಿಗೆ ನೇರ ಹೋಗಬಲ್ಲ ಹಾಯಿದೋಣಿಯಿಲ್ಲ. ಅದು ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಂದಷ್ಟು ದೂರ ಎಡಕ್ಕೆ, ಮತ್ತೆ ತಿರುಗಿ ಬಲಕ್ಕೆ ಹಾಯುತ್ತ ಹಾಯುತ್ತ ಮೇಲೇರುತ್ತದೆ. ಬೆನ್ನಗಾಳಿಗೆ ಒಡ್ಡಿದ ಹಾಯಿ ಚಾಪೆಯಂತೆ ಹರಡಿಕೊಂಡರೆ ಸಾಕು, ಗಾಳಿ ತಳ್ಳುತ್ತದೆ. ಓರೆಗಾಳಿಯಲ್ಲಿ ಅದೇ ಹಾಯಿ ಬಾಗಿ ವಿಮಾನದ ರೆಕ್ಕೆಯ ಕೆಲಸ ಮಾಡಬೇಕು, ದೋಣಿಯ ಅಡಿಯ ಹಲಗೆ ಪಕ್ಕಕ್ಕೆ ಜಾರದಂತೆ ತಡೆಯಬೇಕು. ಹಾಸಿನಿಂದ ಹಾಯುವಿಕೆಗೆ ದಾಟಿದ್ದು ಪದವೊಂದೇ ಅಲ್ಲ, ವಸ್ತುವೂ ಅದೇ ದಾರಿ ಹಿಡಿದಿದೆ. ಈಗಿನ ಹಾಯಿಗಳು ಎಲೆಯವೂ ಅಲ್ಲ, ಹತ್ತಿಯವೂ ಅಲ್ಲ, ಪಾಲಿಯೆಸ್ಟರಿನ ಬಟ್ಟೆ ಮತ್ತು ಹಾಳೆಗಳು.

ಬಗೆಬಗೆಯ ದೋಣಿಗಳು ಒಟ್ಟಿಗೆ ಇಳಿಯುವ ಮಿಶ್ರ ಪಂದ್ಯದ ಸೊಗಸೇ ಬೇರೆ. ಅಮೆರಿಕದ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಮಕ್ಕಳಿಗೆಂದು ರೂಪಿಸಿದ ಆಪ್ಟಿಮಿಸ್ಟ್ ಎಂಬ ಪೆಟ್ಟಿಗೆಯಂಥ ಪುಟ್ಟ ದೋಣಿ ಒಂದು ಕಡೆ, ಒಬ್ಬರೇ ನಡೆಸುವ ಲೇಸರ್ ಇನ್ನೊಂದು ಕಡೆ. ಹಲಗೆಯ ಮೇಲೆ ನಿಂತು ಹಾಯಿಯನ್ನು ಕೈಯಲ್ಲೇ ಹಿಡಿದ ವಿಂಡ್‌ಸರ್ಫರುಗಳೂ ಜೊತೆಗಿರುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಪ್ರತಿ ವರ್ಗಕ್ಕೂ ಬೇರೆ ಆರಂಭ, ಬೇರೆ ಪದಕ. ಕ್ಲಬ್ಬುಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಟ್ಟು, ಆಮೇಲೆ ಲೆಕ್ಕ ಮಾಡುವುದುಂಟು. ಬ್ರಿಟನ್ನಿನ ಪೋರ್ಟ್ಸ್‌ಮತ್ ಪದ್ಧತಿಯಲ್ಲಿ ಪ್ರತಿ ವರ್ಗಕ್ಕೂ ಒಂದು ಸಂಖ್ಯೆ: ಲೇಸರಿಗೆ ಸುಮಾರು 1100, ಆಪ್ಟಿಮಿಸ್ಟಿಗೆ ಸುಮಾರು 1640. ಹಿಡಿದ ಸಮಯವನ್ನು ಸಾವಿರದಿಂದ ಗುಣಿಸಿ ಈ ಸಂಖ್ಯೆಯಿಂದ ಭಾಗಿಸಬೇಕು. ಲೇಸರ್ 60 ನಿಮಿಷದಲ್ಲಿ ಮುಗಿಸಿದರೆ ಅದರ ಲೆಕ್ಕ ಸುಮಾರು 54.5. ಆಪ್ಟಿಮಿಸ್ಟಿನ ಪೋರ 85 ನಿಮಿಷಕ್ಕೆ ಬಂದರೂ ಅವನ ಲೆಕ್ಕ 52ರ ಒಳಗೆ. ಗೆದ್ದವನು ಪೋರನೇ.

ಪಂದ್ಯದ ಪದಗಳಲ್ಲಿ ಎಷ್ಟು ಇಂಗ್ಲಿಷರವು ಎಂದು ಕೇಳಿದರೆ ಉತ್ತರ ಮೋಜಿನದು. ರೆಗಟ್ಟಾ ವೆನಿಸ್ಸಿನವರ ಮಾತು, ಅವರ ನಾಲೆಗಳ ದೋಣಿಪಂದ್ಯದ ಹೆಸರು. ಲಂಡನ್ನಿನವರು ಥೇಮ್ಸ್‌ನಲ್ಲಿ ಆ ಹೆಸರಿನ ಪಂದ್ಯ ನಡೆಸಿದ್ದು 1775ರಲ್ಲಿ. ಯಾಟ್ ಡಚ್ಚರದು, ಅವರ 'ಯಾಖ್ಟ್' ಎಂದರೆ ಬೇಟೆ, ಬೆನ್ನಟ್ಟಿ ಹಿಡಿಯುವ ವೇಗದ ದೋಣಿಗೆ ಇಟ್ಟ ಹೆಸರು. ಬೇರೆ ಬ್ಯಾರೆಯಾಗುವ, ಬೇಸಿಗೆ ಬ್ಯಾಸಗೆಯಾಗುವ ನಮ್ಮ ಬಾಯಿಮಾತಿನಲ್ಲಿ ಬೇಡರ ಹಳ್ಳಿ ಬ್ಯಾಡರಹಳ್ಳಿಯಾದದ್ದನ್ನು ನೆನೆದರೆ, ಬೇಟೆಯ ನೆನಪು ಈ ಊರಿಗೂ ಆ ದೋಣಿಗೂ ಸಮಾನ. ಕ್ಯಾಟಮರಾನ್ ತಮಿಳಿನ ಕಟ್ಟುಮರ. ಕಟ್ಟಿದ ಮರ ಎಂದು ಕನ್ನಡಿಗರಿಗೂ ನಿಘಂಟಿಲ್ಲದೆ ತಿಳಿಯುತ್ತದೆ.

ಎಲ್ಲಕ್ಕಿಂತ ರುಚಿಯಾದದ್ದು ಡಿಂಗಿ. ಅದು ಬಂಗಾಳಿ, ಹಿಂದಿಗಳಲ್ಲಿ ಪುಟ್ಟ ದೋಣಿಯ ಹೆಸರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಒಲಿಂಪಿಕ್ಸ್ ಮುಟ್ಟಿತು. ಇಂಗ್ಲಿಷಿನವರು ಅದರ ಕಾಗುಣಿತದಲ್ಲಿ ಒಂದು 'ಎಚ್' ಸೇರಿಸಿದ್ದು ಗಕಾರವನ್ನು ಜಕಾರವಾಗಿ ಓದದಿರಲಿ ಎಂದು ಮಾತ್ರ. ಆದ್ದರಿಂದ ಕನ್ನಡದಲ್ಲಿ ಡಿಂಘಿ ಎಂದು ಮಹಾಪ್ರಾಣ ಹಾಕುವುದು ಬೇಡದ ಕೆಲಸ. ದೋಣಿಯದು ಇನ್ನೂ ಹಳೆಯ ಕಥೆ. ಸಂಸ್ಕೃತದ ದ್ರೋಣ ಎಂದರೆ ಮರದ ತೊಟ್ಟಿ, ದ್ರೋಣಿಯೂ ಅದೇ. ಪಾತ್ರೆಯಲ್ಲಿ ಹುಟ್ಟಿದ್ದಕ್ಕೆ ದ್ರೋಣಾಚಾರ್ಯರಿಗೆ ಆ ಹೆಸರು. ದೋಣಿಯನ್ನೂ ದೊನ್ನೆಯನ್ನೂ ಈ ಬಳಗಕ್ಕೆ ಸೇರಿಸುವುದುಂಟು. ಒಪ್ಪುವುದಾದರೆ ರಾಜಾಜಿನಗರ, ವಿಜಯನಗರಗಳಲ್ಲಿ ದೊನ್ನೆ ಬಿರಿಯಾನಿ ತಿನ್ನುವವರ ಕೈಯಲ್ಲಿರುವುದು ದೋಣಿಯ ದಾಯಾದಿ. ಚುಕ್ಕಾಣಿ ಅರಬ್ಬರ 'ಸುಕ್ಕಾನ್', ಲಂಗರು ಪಾರಸಿಯದು. ಹಾಯಿ ಕಟ್ಟುವ ಕಂಬಕ್ಕೆ ಮಾತ್ರ ಅಚ್ಚಕನ್ನಡದ ಕೂವೆಮರ ಇದೆ, ಬಳಸುವವರಿಲ್ಲದೆ ನಿಘಂಟಿನಲ್ಲಿ ಒರಗಿದೆ.

ವಿಂಡ್‌ಸರ್ಫಿಂಗಿಗೆ ಕನ್ನಡದಲ್ಲಿ ಹೆಸರೇ ಕೂತಿಲ್ಲ. ಆಟವೂ ಹೊಸದು. ಹಾಯಿಯನ್ನು ಎಲ್ಲ ದಿಕ್ಕಿಗೂ ವಾಲುವ ಕೀಲಿನಿಂದ ಹಲಗೆಗೆ ಜೋಡಿಸಿ ಜಿಮ್ ಡ್ರೇಕ್, ಹಾಯ್ಲ್ ಶ್ವೈಟ್ಜರ್ ಎಂಬ ಅಮೆರಿಕನ್ನರು ಪೇಟೆಂಟಿಗೆ ಅರ್ಜಿ ಹಾಕಿದ್ದು 1968ರಲ್ಲಿ. ಒಲಿಂಪಿಕ್ಸಿಗೆ ಅದು ಬಂದದ್ದು 1984ರಲ್ಲಿ. ಇದಕ್ಕೆ ಚುಕ್ಕಾಣಿಯಿಲ್ಲ. ಹಾಯಿಯನ್ನು ಹಿಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯ ಕಡೆ ತಿರುಗುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿಯಿಂದ ಆಚೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಇಬಾದ್ ಅಲಿ ಈ ಆಟದಲ್ಲಿ ಕಂಚು ಗೆದ್ದರು. ಡಿಂಗಿಗಳಲ್ಲಿ ನೇಹಾ ಠಾಕೂರ್ ಬೆಳ್ಳಿ, ವಿಷ್ಣು ಸರವಣನ್ ಕಂಚು ತಂದರು. ಅದಕ್ಕೂ ಮೊದಲು 2018ರ ಏಷ್ಯನ್ ಗೇಮ್ಸಿನಲ್ಲಿ ವರುಣ್ ಠಕ್ಕರ್ ಜೊತೆ ಕಂಚು ಗೆದ್ದು, ಮುಂದೆ ಟೋಕಿಯೊ ಒಲಿಂಪಿಕ್ಸಿಗೂ ಹೋದವರು ಕೇಳಪಂಡ ಚೆಂಗಪ್ಪ ಗಣಪತಿ. ಆ ಹೆಸರು ಕೇಳಿದರೆ ಕೊಡಗಿನ ನಂಟು ಗೊತ್ತಾಗುತ್ತದೆ.

ಇಂಥ ಸುದ್ದಿ ಬರೆಯುವ ಕ್ರೀಡಾಪುಟದ ಗೆಳೆಯರಲ್ಲಿ ನನ್ನದೊಂದು ಕೇಳಿಕೆ. ಡಿಂಗಿಯನ್ನು ಡಿಂಗಿಯೆಂದೇ ಬರೆಯಿರಿ, ಅದು ನಮ್ಮ ದೇಶದ್ದೇ. ರೆಗಟ್ಟಾ ಬೇಕಾದವರು ಇಟ್ಟುಕೊಳ್ಳಲಿ, ಬೇಡದವರಿಗೆ ಹಾಯಿಪಂದ್ಯ ಇದೆ. ವಿಂಡ್‌ಸರ್ಫಿಂಗಿನ ಹಲಗೆಗೆ 'ಹಾಯಿಹಲಗೆ' ಎಂದು ಬರೆದು ನೋಡಿ. ಕೊಂಡ ಹಾಯುವುದನ್ನೂ ನೀರು ಹಾಯಿಸುವುದನ್ನೂ ಬಲ್ಲ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.