‘ದಿ ನಾರ್ಮಲ್ ಹಾರ್ಟ್’: ಸ್ನೇಹಭಂಗದ ಒಂದು ನಾಟಕ

ತನ್ನ ಸೋಲನ್ನು ತಾನೇ ರಂಗದ ಮೇಲೆ ತಂದ ನಾಟಕಕಾರರು ವಿರಳ. ತನ್ನನ್ನು ಹೊರಹಾಕಿದ ಗೆಳೆಯರ ಬಾಯಲ್ಲಿ ತನ್ನದಕ್ಕಿಂತ ಬಲವಾದ ಮಾತುಗಳನ್ನು ಇಟ್ಟವರು ಇನ್ನೂ ವಿರಳ. ಅಮೆರಿಕದ ಲ್ಯಾರಿ ಕ್ರೇಮರನು ರಚಿಸಿದ ‘ದಿ ನಾರ್ಮಲ್ ಹಾರ್ಟ್’ ನಾಟಕದಲ್ಲಿ ಇವೆರಡೂ ನಡೆದಿವೆ. ಅದು 1985ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಪಬ್ಲಿಕ್ ಥಿಯೇಟರಿನಲ್ಲಿ ಮೊದಲು ಪ್ರಯೋಗವಾಯಿತು.

1981ನೆಯ ಜುಲೈ 3ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು, ಸಲಿಂಗಾನುರಾಗಿಗಳಾದ 41 ಮಂದಿ ಪುರುಷರಲ್ಲಿ ಅಪರೂಪದ ಅರ್ಬುದವೊಂದು ಕಾಣಿಸಿಕೊಂಡಿತೆಂದು ಒಳಪುಟದಲ್ಲಿ ವರದಿ ಮಾಡಿತು. ಏಡ್ಸ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ರೋಗದ ಕಾರಣ ತಿಳಿಯದು, ಮದ್ದು ಇಲ್ಲ. ನಿನ್ನೆ ಜತೆಯಲ್ಲಿ ಉಂಡವನು ನಾಳೆ ಇಲ್ಲ. 1982ನೆಯ ಜನವರಿಯಲ್ಲಿ ಕ್ರೇಮರನೂ ಅವನ ಮಿತ್ರರೂ ಅವನ ಮನೆಯಲ್ಲಿ ಕಲೆತು ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಎಂಬ ಸಂಘವನ್ನು ಕಟ್ಟಿದರು. ಒಬ್ಬೊಬ್ಬ ರೋಗಿಗೆ ಒಬ್ಬೊಬ್ಬ ಸ್ವಯಂಸೇವಕನನ್ನು ಗೊತ್ತುಮಾಡುವುದು ಆ ಸಂಘದ ಪದ್ಧತಿ. ಅಡಿಗೆ ಮಾಡುವುದು, ಬಟ್ಟೆ ಒಗೆಯುವುದು, ಆಸ್ಪತ್ರೆಗೆ ಜತೆಹೋಗುವುದು, ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು ಅವನ ಕೆಲಸ. ಅವನನ್ನು ಗೆಳೆಯನೆಂಬ ಅರ್ಥದ ಆಡುಮಾತಿನಿಂದಲೇ ಕರೆದರು. ಮನೆಯವರೇ ಮುಟ್ಟಲಂಜಿದ ಕಾಲದಲ್ಲಿ ಸ್ನೇಹವು ಹೀಗೆ ಒಂದು ಉದ್ಯೋಗವಾಯಿತು.

ಆದರೆ ಕಟ್ಟಿದವರೊಳಗೇ ಬಿರುಕು ಬಿಟ್ಟಿತು. ನಗರಾಧ್ಯಕ್ಷ ಕಾಚ್‌ನನ್ನೂ ಪತ್ರಿಕೆಗಳನ್ನೂ ಬಹಿರಂಗವಾಗಿ ಜರೆಯಬೇಕು, ದೇಹಸಂಪರ್ಕವನ್ನೇ ನಿಲ್ಲಿಸಿರೆಂದು ಸಾರಬೇಕು ಎಂಬುದು ಕ್ರೇಮರನ ಹಟ. ಸಂಘದ ಅಧ್ಯಕ್ಷ ಪಾಲ್ ಪಾಫಮನು ವಿಯೆಟ್ನಾಮಿನಲ್ಲಿ ಯುದ್ಧ ಮಾಡಿಬಂದ ಸೈನಿಕ, ಮಿತಭಾಷಿ. ತನ್ನ ಅಂತರಂಗದ ಸಂಗತಿ ಕಛೇರಿಯವರಿಗೆ ತಿಳಿದೀತೆಂಬ ಅಳುಕು ಅವನಿಗಿತ್ತು. ಕೂಗಾಡಿದರೆ ಜನ ಬೆದರುವರು, ಸೇವೆ ಕೆಡುವುದು ಎಂಬುದು ಅವನ ಪಕ್ಷ. 1983ರಲ್ಲಿ ಕ್ರೇಮರನು ಸಿಟ್ಟಿನಿಂದ ರಾಜೀನಾಮೆಯಿತ್ತನು. ಮರಳಿ ಬರಬೇಕೆಂದಾಗ ಮಂಡಲಿಯವರು ಒಪ್ಪಲಿಲ್ಲ.

ನಾಟಕದಲ್ಲಿ ಕ್ರೇಮರನು ನೆಡ್ ವೀಕ್ಸ್ ಆಗುತ್ತಾನೆ, ಪಾಫಮನು ಬ್ರೂಸ್ ನೈಲ್ಸ್ ಆಗುತ್ತಾನೆ. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಅನುಕೂಲವಾದ ಸಂದರ್ಭವುಂಟೆ? ಆದರೂ ಪ್ರೇಕ್ಷಕನ ಎದೆಯನ್ನು ಹಿಂಡುವ ಕಥೆಯನ್ನು ಹೇಳುವವನು ನೆಡ್ ಅಲ್ಲ, ಬ್ರೂಸ್. ಸಾಯುತ್ತಿರುವ ಪ್ರಿಯನನ್ನು ತಾಯಿಯ ಬಳಿಗೆ ಸೇರಿಸಲು ಅವನು ವಿಮಾನದಲ್ಲಿ ಒಯ್ಯುತ್ತಾನೆ. ಪ್ರಾಣ ಹೋದ ಮೇಲೆ ಮರಣಪತ್ರ ಬರೆಯುವ ವೈದ್ಯರಿಲ್ಲ. ಆಸ್ಪತ್ರೆಯ ಆಳು ಶವವನ್ನು ಕಸದ ಚೀಲಕ್ಕೆ ತುಂಬಿ ಹಿತ್ತಿಲ ಓಣಿಗೆ ತಂದಿಡುತ್ತಾನೆ. ಈ ಮಾತನ್ನಾಡಿದ ಬ್ರೂಸನೇ ಮುಂದೆ ನೆಡ್‌ನನ್ನು ಹೊರಹಾಕುವ ಪತ್ರವನ್ನು ಓದುತ್ತಾನೆ. ಮಿಕಿ ಎಂಬ ಇನ್ನೊಬ್ಬ ಗೆಳೆಯ, ತಾವು ವರ್ಷಗಟ್ಟಲೆ ಹೋರಾಡಿ ಪಡೆದ ಸ್ವಾತಂತ್ರ್ಯವೇ ತಮ್ಮನ್ನು ಕೊಲ್ಲುತ್ತಿದೆಯೆ ಎಂದು ತಡೆಯಲಾರದೆ ಒಡೆದು ಅಳುತ್ತಾನೆ. ನೆಡ್‌ನ ಬಳಿ ಅದಕ್ಕೆ ತಕ್ಕ ಉತ್ತರವಿಲ್ಲ. ನೆಡ್‌ನ ಉದ್ದುದ್ದ ಭಾಷಣಗಳು ಅಲ್ಲಲ್ಲಿ ಬೇಸರ ತರುವುದುಂಟು. ಆದರೆ ಈ ಎರಡು ಸನ್ನಿವೇಶಗಳ ಮುಂದೆ ಆ ದೋಷವು ಲೆಕ್ಕಕ್ಕೆ ಬಾರದು. ರೋಗಪೀಡಿತನಾದ ಫೆಲಿಕ್ಸನು ಊಟ ಒಲ್ಲೆನೆಂದಾಗ ನೆಡ್‌ನು ತಂದ ಸಾಮಾನನ್ನೆಲ್ಲ ನೆಲಕ್ಕೆಸೆಯುತ್ತಾನೆ, ಹಾಲು ಚೆಲ್ಲುತ್ತದೆ. ಆ ಹಾಲಿನ ನಡುವೆಯೇ ಇಬ್ಬರೂ ತಬ್ಬಿಕೊಳ್ಳುತ್ತಾರೆ. ಪ್ರೀತಿಗೂ ಕೋಪಕ್ಕೂ ಇರುವ ದೂರ ಎಷ್ಟು ಕಿರಿದೆಂಬುದು ಇಲ್ಲಿ ಕಾಣುತ್ತದೆ.

ಮೊದಲ ಪ್ರಯೋಗದಲ್ಲಿ ರಂಗದ ಗೋಡೆಗಳಿಗೆ ಬಿಳಿ ಬಣ್ಣ ಬಳಿದು, ದೇಶದಲ್ಲಿನ ರೋಗಿಗಳ ಸಂಖ್ಯೆಯನ್ನು ಅದರ ಮೇಲೆ ಬರೆದಿದ್ದರು. ಸಂಖ್ಯೆ ಏರಿದಂತೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತಿದ್ದರು. ನಾಟಕವು 1986ರ ಜನವರಿಯ ವರೆಗೆ ನಡೆಯಿತು.

1987ರ ಮಾರ್ಚಿಯಲ್ಲಿ ಕ್ರೇಮರನ ಪ್ರೇರಣೆಯಿಂದ ‘ಆ್ಯಕ್ಟ್ ಅಪ್’ ಎಂಬ ಹೋರಾಟದ ಸಂಸ್ಥೆ ಹುಟ್ಟಿತು. ಅದೇ ವರ್ಷ ಪಾಫಮನು ಅದೇ ರೋಗದಿಂದ ತೀರಿಕೊಂಡನು. ರೋಗವನ್ನು ಹತೋಟಿಯಲ್ಲಿಡುವ ಸಂಯುಕ್ತ ಔಷಧಿಗಳು ಬಂದುದು 1996ರ ಸುಮಾರಿಗೆ. 2011ರಲ್ಲಿ ನಾಟಕವು ಬ್ರಾಡ್ವೇ ರಂಗಮಂದಿರಕ್ಕೆ ಬಂದಾಗ, 75 ವರ್ಷದ ಕ್ರೇಮರನು ಪ್ರಯೋಗ ಮುಗಿದ ಮೇಲೆ ಹೊರಗೆ ಬೀದಿಯಲ್ಲಿ ನಿಂತು, ರಂಗದ ಮೇಲೆ ಕಂಡವರೆಲ್ಲ ನಿಜವಾಗಿ ಬದುಕಿದ್ದವರೆಂದು ತಿಳಿಸುವ ಪತ್ರವನ್ನು ಪ್ರೇಕ್ಷಕರ ಕೈಗೆ ಕೊಡುತ್ತಿದ್ದನು.