ಕಬಡ್ಡಿಯ ಸೊಲ್ಲು: ಒಂದು ಐತಿಹಾಸಿಕ ವಿವೇಚನೆ

ಕಬಡ್ಡಿಯ ಇತಿಹಾಸವನ್ನು ಅಭಿಮನ್ಯುವಿನ ಚಕ್ರವ್ಯೂಹದಿಂದ ಆರಂಭಿಸುವುದು ಒಂದು ವಾಡಿಕೆಯಾಗಿದೆ. ಏಕಾಕಿಯಾಗಿ ಶತ್ರುಗಳ ನಡುವೆ ನುಗ್ಗಿದ ವೀರನಿಗೂ ಎದುರುಪಕ್ಷದ ಅಂಕಣವನ್ನು ಹೊಕ್ಕ ಆಟಗಾರನಿಗೂ ಹೋಲಿಕೆಯುಂಟು, ನಿಜ. ಆದರೆ ಹೋಲಿಕೆಯು ಆಧಾರವಾಗಲಾರದು. ಅದೂ ಅಲ್ಲದೆ ಅಭಿಮನ್ಯು ಮರಳಿ ಬರಲಿಲ್ಲ. ಈ ಆಟದ ಸಾರವಿರುವುದೇ ಮರಳಿ ಬರುವುದರಲ್ಲಿ. ಆದುದರಿಂದ ನಾವು ಇಲ್ಲಿ ಬೇರೊಂದು ಸಾಕ್ಷ್ಯವನ್ನು, ಎಂದರೆ ಆಟದ ಹೆಸರುಗಳನ್ನೇ, ಪರಿಶೀಲಿಸುತ್ತೇವೆ.

ಮಹಾರಾಷ್ಟ್ರದಲ್ಲಿ ಇದಕ್ಕೆ ಹುತುತು ಎಂದೂ ಬಂಗಾಳದಲ್ಲಿ ಹಾಡುಡು ಎಂದೂ ತಮಿಳುನಾಡಿನಲ್ಲಿ ಸಡುಗುಡು ಎಂದೂ ಆಂಧ್ರದಲ್ಲಿ ಚೆಡುಗುಡು ಎಂದೂ ಹೆಸರು. ಇವೆಲ್ಲವೂ ದಾಳಿಗೆ ಹೋದವನು ಉಸಿರು ಬಿಡದೆ ನುಡಿಯುವ ಸೊಲ್ಲನ್ನೇ ಹೋಲುತ್ತವೆ. ಅವನು ಒಂದೇ ಉಸಿರಿನಲ್ಲಿ ಎದುರಾಳಿಗಳನ್ನು ಮುಟ್ಟಿ ನಡುಗೆರೆಗೆ ಹಿಂದಿರುಗಬೇಕು. ಅವರೋ ಆ ಉಸಿರು ಮುಗಿಯುವವರೆಗೆ ಅವನನ್ನು ಹಿಡಿದಿಡಬೇಕು. ಉಸಿರು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಕಿವಿಗೆ ಕೇಳಿಸುವಂತೆ ಮಾಡುವುದೇ ಸೊಲ್ಲಿನ ಕೆಲಸ. ಗಡಿಯಾರವಿಲ್ಲದ ಬಯಲಿನಲ್ಲಿ ಅದೇ ಕಾಲಮಾಪಕ. ಹೀಗಿರುವಾಗ ಹೆಸರುಗಳು ಹಲವಾದ ಮಾತ್ರಕ್ಕೆ ಆಟಗಳೂ ಹಲವು ಎನ್ನಲಾಗದು. ಸೊಲ್ಲು ಬೇರೆಯಾದಂತೆ ಹೆಸರೂ ಬೇರೆಯಾಯಿತು, ಅಷ್ಟೆ.

ನಿಜವಾದ ಭೇದವಿದ್ದುದು ಸೋತವನ ಗತಿಯಲ್ಲಿ. ಸಂಜೀವನಿ ಎಂಬ ಪದ್ಧತಿಯಲ್ಲಿ ಎದುರುಪಕ್ಷದವನೊಬ್ಬ ಔಟಾದರೆ ತನ್ನ ಪಕ್ಷದವನೊಬ್ಬ ಮರಳಿ ಅಂಕಣಕ್ಕೆ ಬರುವನು. ಗಾಮಿನಿಯಲ್ಲಿ ಹೋದವನು ಹೋದಂತೆಯೇ; ಇಡೀ ತಂಡ ತೀರುವವರೆಗೆ ಪುನರಾಗಮನವಿಲ್ಲ. ಅಮರ್ ಪದ್ಧತಿಯಲ್ಲಿ ಯಾರೂ ಹೊರಹೋಗರು, ಅಂಕಗಳು ಮಾತ್ರ ಏರುವುವು. ಇಂದಿನ ಕಬಡ್ಡಿಯು ಸಂಜೀವನಿಯ ಕ್ರಮವನ್ನು ಉಳಿಸಿಕೊಂಡಿದೆ.

೧೯೩೬ರ ಬರ್ಲಿನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಈ ಆಟವನ್ನು ಪ್ರದರ್ಶಿಸಿದರು. ೧೯೫೦ರಲ್ಲಿ ಅಖಿಲ ಭಾರತ ಕಬಡ್ಡಿ ಒಕ್ಕೂಟವು ಸ್ಥಾಪಿತವಾಯಿತು. ಪ್ರಾಂತಪ್ರಾಂತಗಳ ತಂಡಗಳು ಎದುರುಬದುರಾಗಬೇಕಾದರೆ ಏಕರೂಪದ ನಿಯಮಗಳು ಅನಿವಾರ್ಯವೆಂಬುದನ್ನು ನಾವು ಒಪ್ಪುತ್ತೇವೆ. ಇಂದು ಪುರುಷರ ಅಂಕಣ ೧೩ ಮೀಟರ್ ಉದ್ದ, ೧೦ ಮೀಟರ್ ಅಗಲ. ಕಣದಲ್ಲಿ ಪಕ್ಷಕ್ಕೆ ೭ ಜನರು. ದಾಳಿಗೆ ೩೦ ಸೆಕೆಂಡುಗಳ ಮಿತಿ. ಒಪ್ಪಿತವಾದ ಸೊಲ್ಲು ‘ಕಬಡ್ಡಿ’ ಎಂಬುದೊಂದೇ. ಈ ಕೊನೆಯ ಎರಡು ಕಟ್ಟಳೆಗಳಲ್ಲಿಯೇ ದೊಡ್ಡ ಪರಿವರ್ತನೆ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಉಸಿರಿನ ಅಧಿಕಾರಕ್ಕೆ ಗಡಿಯಾರವು ಪಾಲುದಾರನಾಯಿತು. ಹುತುತು, ಸಡುಗುಡು ಎಂದು ನುಡಿಯುವುದು ತಪ್ಪಾಯಿತು.

೧೯೯೦ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟವನ್ನು ಸೇರಿದ ಕಬಡ್ಡಿಯಲ್ಲಿ, ೨೦೧೮ರ ಜಕಾರ್ತಾ ಕೂಟದ ಎರಡು ಸ್ವರ್ಣಪದಕಗಳೂ, ಪುರುಷರದು ಮತ್ತು ಮಹಿಳೆಯರದು, ಇರಾನಿಗೆ ಸಂದವು. ಏಕರೂಪತೆಯ ಲಾಭ ಇದಕ್ಕಿಂತ ಸ್ಪಷ್ಟವಾಗಿ ಕಾಣಲಾರದು. ಆದರೆ ನಿಯಮಪುಸ್ತಕಕ್ಕೆ ಸೇರದ ಸೊಲ್ಲುಗಳು ವೃದ್ಧರ ನೆನಪಿನಲ್ಲಿ ಮಾತ್ರ ಉಳಿದಿರುವ ಊರುಗಳು ಇರಬಹುದು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಹಿರಿಯರನ್ನು ವಿಚಾರಿಸಿ, ಸೊಲ್ಲನ್ನೂ ಊರಿನ ಹೆಸರನ್ನೂ ಹೇಳಿದವರ ವಯಸ್ಸನ್ನೂ ಬರೆದು ತಂದುಕೊಟ್ಟರೆ ವಿಭಾಗದಲ್ಲಿ ಅವನ್ನು ಕಾಪಿಡಬಹುದಾಗಿದೆ.