ಹೆರಿಗೆಯ ಸಂಗಾತಿಗಳು ಮತ್ತು ಲಿಂಗತ್ವ

ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಬೆನ್ನು ನೀವುವ, ನೋವು ಏರಿಳಿಯುವಾಗ ಕೈ ಹಿಡಿದು ಧೈರ್ಯ ಹೇಳುವ ತರಬೇತಿ ಪಡೆದ ಸಂಗಾತಿಗೆ ಡೌಲಾ ಎಂದು ಹೆಸರು. ಸೂಲಗಿತ್ತಿಯಂತೆ ಡೌಲಾ ಹೆರಿಗೆ ಮಾಡಿಸುವುದಿಲ್ಲ, ಔಷಧವನ್ನೂ ಕೊಡುವುದಿಲ್ಲ. ಹೆಣ್ಣಿನ ನೋವಿಗೆ ಹೆಣ್ಣೇ ಆಸರೆ ಎಂಬ ನಂಬಿಕೆಯಿಂದ ಹುಟ್ಟಿದ ಈ ವೃತ್ತಿ, ಹುಟ್ಟುವಾಗ ಹೆಣ್ಣೆಂದು ಗುರುತಿಸಲ್ಪಟ್ಟು ಗಂಡಾಗಿ ಬಾಳುವ ಟ್ರಾನ್ಸ್ ಪುರುಷರಿಗೂ ತನ್ನಲ್ಲಿ ಜಾಗ ಮಾಡಿಕೊಡಲು ಸಾಕಷ್ಟು ಜಗಳಗಳನ್ನು ದಾಟಬೇಕಾಯಿತು.

ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್ 1973ರಲ್ಲಿ ಎದೆಹಾಲಿನ ಕುರಿತು ಬರೆದ ಪುಸ್ತಕದಿಂದ ಡೌಲಾ ಎಂಬ ಹೆಸರು ಪ್ರಚಾರಕ್ಕೆ ಬಂತು. ಮಾರ್ಷಲ್ ಕ್ಲೌಸ್, ಜಾನ್ ಕೆನೆಲ್ ಮತ್ತು ಸಂಗಡಿಗರು ಗ್ವಾಟೆಮಾಲಾದ ಆಸ್ಪತ್ರೆಯಲ್ಲಿ ನಡೆಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನ, ಜೊತೆಗೊಬ್ಬರಿದ್ದರೆ ಹೆರಿಗೆ ಬೇಗ ಆಗುತ್ತದೆ, ತೊಡಕುಗಳೂ ತಗ್ಗುತ್ತವೆ ಎಂದು ತೋರಿಸಿತು. ಇವರಿಬ್ಬರೂ ಪೆನ್ನಿ ಸಿಮ್ಕಿನ್ ಮೊದಲಾದವರೊಂದಿಗೆ ಸೇರಿ 1992ರಲ್ಲಿ ಕಟ್ಟಿದ ಸಂಸ್ಥೆಯೇ ಇಂದಿನ ಡೋನಾ ಇಂಟರ್‌ನ್ಯಾಷನಲ್.

ಹೆರಿಗೆ ಕೋಣೆಯ ಕೆಲಸಕ್ಕೆ ಗಂಡಸರು ಬರಬಹುದೇ ಎಂಬುದು ಇನ್ನೂ ಹಳೆಯ ಪ್ರಶ್ನೆ. ಬ್ರಿಟನ್ನಿನ 1975ರ ಲಿಂಗ ತಾರತಮ್ಯ ನಿಷೇಧ ಕಾಯ್ದೆ ಕೂಡ ಹೆರಿಗೆ ಮಾಡಿಸುವ ವೃತ್ತಿಯಲ್ಲಿ ಗಂಡಸರ ಮೇಲಿನ ನಿರ್ಬಂಧವನ್ನು ಉಳಿಸಿಕೊಂಡಿತ್ತು. ಅದು ತೆರವಾದದ್ದು 1983ರಲ್ಲಿ.

ಹೆರುವವರ ಲಿಂಗತ್ವದ ಪ್ರಶ್ನೆ ಬಹಿರಂಗವಾಗಿ ಎದ್ದದ್ದು 2008ರಲ್ಲಿ, ಅಮೆರಿಕದ ಆರೆಗನ್ ರಾಜ್ಯದ ಟ್ರಾನ್ಸ್ ಪುರುಷ ಥಾಮಸ್ ಬೀಟಿ ಮಗುವನ್ನು ಹೆತ್ತಾಗ. ಮಿರಿಯಂ ಸೊಯ್ಲಾ ಪೆರೆಸ್ 2012ರಲ್ಲಿ ಪ್ರಕಟಿಸಿದ ಡೌಲಾ ಕೈಪಿಡಿ ಜನಾಂಗ, ವರ್ಗಗಳ ಜೊತೆಗೆ ಲಿಂಗತ್ವವನ್ನೂ ತರಬೇತಿಯ ವಿಷಯವಾಗಿಸಿತು. ಗರ್ಭ ಧರಿಸಿದ್ದ 41 ಟ್ರಾನ್ಸ್ ಪುರುಷರನ್ನು ಸಮೀಕ್ಷಿಸಿದ 2014ರ ಅಮೆರಿಕನ್ ಅಧ್ಯಯನದಲ್ಲಿ ಮತ್ತೆ ಮತ್ತೆ ಕೇಳಿಬಂದದ್ದು ಒಂಟಿತನ, ಮತ್ತು ಆಸ್ಪತ್ರೆಗಳ ಅರಿವುಗೇಡಿತನ. ಯಾರೂ ಒಂಟಿಯಾಗಿ ಹೆರಬಾರದು ಎಂಬುದಕ್ಕೇ ಹುಟ್ಟಿದ ವೃತ್ತಿ ಇದಕ್ಕೆ ಕಿವಿಗೊಡಲೇಬೇಕಿತ್ತು.

ಈ ವಿಷಯದಲ್ಲಿ ಅತಿ ದೊಡ್ಡ ಬಿರುಕು ಕಾಣಿಸಿಕೊಂಡದ್ದು ಪಕ್ಕದ ವೃತ್ತಿಯಲ್ಲಿ, ಉತ್ತರ ಅಮೆರಿಕದ ಸೂಲಗಿತ್ತಿಯರ ಒಕ್ಕೂಟ ‘ಮಾನಾ’ದಲ್ಲಿ. 2014ರಲ್ಲಿ ಅದು ತನ್ನ ವೃತ್ತಿಸೂತ್ರಗಳನ್ನು ತಿದ್ದಿ, ಹಲವೆಡೆ ‘ಮಹಿಳೆ’, ‘ತಾಯಿ’ ಎಂಬಲ್ಲಿ ‘ಹೆರುವ ವ್ಯಕ್ತಿ’ ಎಂಬರ್ಥದ ಮಾತುಗಳನ್ನು ಹಾಕಿತು. ಮರುವರ್ಷ ಇದನ್ನು ವಿರೋಧಿಸಿ ಬಂದ ಬಹಿರಂಗ ಪತ್ರಕ್ಕೆ ಸಹಿ ಹಾಕಿದವರಲ್ಲಿ ಟೆನೆಸ್ಸಿಯ ಹೆಸರಾಂತ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್ ಕೂಡ ಇದ್ದರು. ಹೆರಿಗೆಯ ಚರಿತ್ರೆಯಿಂದ ಹೆಣ್ಣನ್ನೇ ಅಳಿಸಲಾಗುತ್ತಿದೆ ಎಂಬುದು ಅವರ ಆತಂಕ. ವೈದ್ಯರ ಹಿಡಿತದಿಂದ ಹೆರಿಗೆಯನ್ನು ಬಿಡಿಸಿಕೊಳ್ಳಲು ಜೀವಮಾನವಿಡೀ ಹೋರಾಡಿದವರ ಈ ಆತಂಕವನ್ನು ಬರೀ ದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ. ಟ್ರಾನ್ಸ್ ಪುರುಷರ ಪರವಾಗಿ ಪ್ರತಿಪತ್ರವೂ ಬಂತು.

ಎದೆಹಾಲೂಡಿಸಲು ನೆರವಾಗುವ ಲಾ ಲೆಚೆ ಲೀಗ್‌ನದೂ ಇದೇ ಕಥೆ. ಏಳು ಮಂದಿ ಹೆಂಗಸರು 1956ರಲ್ಲಿ ಇಲಿನಾಯ್ಸ್‌ನಲ್ಲಿ ಕಟ್ಟಿದ ಈ ಸಂಸ್ಥೆ, ತನ್ನ ಮಗುವಿಗೆ ತಾನೇ ಹಾಲೂಡಿಸಿದ್ದ ಕೆನಡಾದ ಟ್ರಾನ್ಸ್ ಪುರುಷ ಟ್ರೆವರ್ ಮ್ಯಾಕ್‌ಡೊನಾಲ್ಡ್ ಅವರನ್ನು ಮಾರ್ಗದರ್ಶಕರಾಗಲು 2012ರಲ್ಲಿ ಬಿಡಲಿಲ್ಲ. 2014ರಲ್ಲಿ ನಿಯಮ ಬದಲಾಯಿತು. ಹತ್ತು ವರ್ಷದ ಬಳಿಕ, 2024ರ ನವೆಂಬರ್‌ನಲ್ಲಿ, ಸ್ಥಾಪಕಿಯರಲ್ಲೊಬ್ಬರಾದ ಮೇರಿಯನ್ ಟಾಂಪ್ಸನ್ ಸಂಸ್ಥೆ ಗಂಡಸರನ್ನೂ ಸೇರಿಸಿಕೊಳ್ಳುತ್ತಿದೆ ಎಂದು ಪ್ರತಿಭಟಿಸಿ ಹೊರನಡೆದರು.

ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳು 2021ರಲ್ಲಿ ಹಿಡಿದ ದಾರಿ ಬೇರೆ. ಅಲ್ಲಿ ‘ಮಹಿಳೆ’, ‘ತಾಯಿ’ ಎಂಬ ಪದಗಳನ್ನು ತೆಗೆಯಲಿಲ್ಲ. ಅವುಗಳ ಪಕ್ಕದಲ್ಲೇ ಇತರರನ್ನೂ ಒಳಗೊಳ್ಳುವ ಪದಗಳನ್ನು ಸೇರಿಸಿದರು. ಹೆಣ್ಣೆಂಬ ಪದ ಕೈಬಿಟ್ಟರೆ ಓದುಬರಹ ಕಡಿಮೆಯಿರುವವರಿಗೆ ಆರೋಗ್ಯ ಸೂಚನೆಗಳು ತಲುಪದೆ ಹೋಗಬಹುದೆಂದು 2022ರಲ್ಲಿ ಕಾರ್ಲೀನ್ ಗ್ರಿಬಲ್ ಮತ್ತಿತರ ಸಂಶೋಧಕರು ಎಚ್ಚರಿಸಿದರು. ಆ ಎಚ್ಚರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬ್ರೈಟನ್ ಮಾರ್ಗವೇ ಹೆಚ್ಚು ನ್ಯಾಯವಾದದ್ದು: ಅದು ಒಬ್ಬರಿಗೆ ಜಾಗ ಕೊಡಲು ಇನ್ನೊಬ್ಬರನ್ನು ಎಬ್ಬಿಸುವುದಿಲ್ಲ.

ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಸಂಗಾತಿ ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಒಪ್ಪಿತು. ಆದರೆ ಆ ಸಂಗಾತಿ ಹೆಂಗಸಾಗಿರಬೇಕು, ಸಾಧ್ಯವಾದರೆ ಹೆತ್ತ ಅನುಭವವುಳ್ಳವರು. ಗಂಡನಿಗೆ ಪ್ರವೇಶ ಖಾಸಗಿತನಕ್ಕೆ ಏರ್ಪಾಡಿರುವ ಕಡೆ ಮಾತ್ರ. ಹೆರುವವರ ಲಿಂಗತ್ವದ ಪ್ರಶ್ನೆ ಇಲ್ಲೂ ಎದ್ದಿತು: 2023ರ ಫೆಬ್ರವರಿಯಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಟ್ರಾನ್ಸ್ ಪುರುಷ ಸಹದ್ ಮಗುವನ್ನು ಹೆತ್ತರು. ಅವರ ಸಂಗಾತಿ ಜಿಯಾ ಟ್ರಾನ್ಸ್ ಮಹಿಳೆ. ಜನನ ಪ್ರಮಾಣಪತ್ರದಲ್ಲಿ ಸಹದ್ ತಾಯಿ, ಜಿಯಾ ತಂದೆ ಎಂದು ದಾಖಲಾಗಿತ್ತು. ಇಬ್ಬರನ್ನೂ ‘ಪೋಷಕರು’ ಎಂದಷ್ಟೇ ನಮೂದಿಸಿ ಹೊಸ ಪತ್ರ ಕೊಡಬೇಕೆಂದು ಕೇರಳ ಹೈಕೋರ್ಟ್ 2025ರ ಜೂನ್‌ನಲ್ಲಿ ಆದೇಶಿಸಿತು.